ಹಾಜರಿ ಪುಸ್ತಕದಲ್ಲಿ ಯಾರ ಹೆಸರು?

(ಕಳಸಾಪುರದಲ್ಲಿ ಶಿಕ್ಷಕರು ಹಾಗೂ ಪಾಲಕರ ಮುಂದೆ ಮಾಡಿದ ಭಾಷಣ)



ಶಾಲೆಯೊಂದರ ಮಾತು ಬಂದರೆ ನಾವು ಮೊದಲು ಕೇಳುವುದು ನೂರಕ್ಕೆ ಎಷ್ಟು ಮಂದಿ ಪಾಸಾದರೆಂದು. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ: ಅಲ್ಲಿ ಸೇರಿದವರು ಯಾರು, ಸೇರದೆ ಮನೆಯಲ್ಲೇ ಉಳಿದವರು ಯಾರು? ಇದಕ್ಕೆ ಉತ್ತರ ನಮ್ಮ ಪಕ್ಕದ ಗದಗಿನಲ್ಲಿಯೇ ಇದೆ. ಅದು ವೀರೇಶ್ವರ ಪುಣ್ಯಾಶ್ರಮ.

ಅದರ ಸ್ಥಾಪಕರಾದ ಪಂಚಾಕ್ಷರಿ ಗವಾಯಿಗಳು (1892–1944) ಹುಟ್ಟಿನಿಂದಲೇ ಅಂಧರು. ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತರು. ಕಲಿತದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳದೆ, ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿದರು. ಈ ಶಾಲೆ ನಡೆದಾಡಿದ ಮೇಲೆ ಗದಗಿನಲ್ಲಿ ನೆಲೆ ಕಂಡಿತು.

ಹಿಂದೂಸ್ತಾನಿ ಸಂಗೀತ ಆಗ ಬಹುಮಟ್ಟಿಗೆ ಮನೆತನಗಳ ಸ್ವತ್ತು. ಇಲ್ಲಿ ಮಾತ್ರ ಜಾತಿ ಕೇಳಲಿಲ್ಲ, ಶುಲ್ಕ ಕೇಳಲಿಲ್ಲ. ಅಂಧರು, ಅನಾಥರು, ಬಡವರು ಬಂದರು. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ದೇವಗಿರಿಯ ಪುಟ್ಟರಾಜರು (1914–2010) ಬಂದು, ಮುಂದೆ ಆಶ್ರಮವನ್ನೇ ನಡೆಸಿದರು. ಕಣ್ಣಿದ್ದವರೂ ಬಂದರು. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಬಳ್ಳಾರಿ ಸೀಮೆಯ ಜಾನಪದ ಕಲಾವಿದರ ಮನೆಯಿಂದ ಬಂದ ವೆಂಕಟೇಶ್ ಕುಮಾರ್ 12 ವರ್ಷ ಪುಟ್ಟರಾಜರ ಬಳಿ ಕಲಿತರು.

ಇಂಥ ಬೆರಕೆ ಹೇಗೆ ಸಾಧ್ಯವಾಯಿತು? ಸಂಗೀತವನ್ನು ಗುರು ಹಾಡಿ ತೋರಿಸುತ್ತಾನೆ, ಶಿಷ್ಯ ಕೇಳಿ ಹಾಡುತ್ತಾನೆ. ಕಿವಿಯ ಪಾಠದಲ್ಲಿ ಕಣ್ಣಿದ್ದವನೂ ಇಲ್ಲದವನೂ ಸಮ. ಕರಿಹಲಗೆಯನ್ನೇ ನಂಬಿದ ಶಾಲೆಯಲ್ಲಿ ಅದೇ ಅಂಧ ಮಗು ಮೊದಲ ದಿನವೇ ಹಿಂದುಳಿಯುತ್ತದೆ. ಅಂದರೆ ಪಾಠದ ರೀತಿಯೇ ಬಾಗಿಲನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಪುಟ್ಟರಾಜರು ಬ್ರೈಲ್ ಲಿಪಿಯಲ್ಲಿ ಬರೆದು ಅಕ್ಷರದ ಬಾಗಿಲೂ ತೆರೆಯಬಹುದೆಂದು ತೋರಿಸಿದರು.

ಇಷ್ಟು ಮಕ್ಕಳ ಹೊಟ್ಟೆ ತುಂಬಿದ್ದು ಹೇಗೆ? ನಾಟಕ ಕಂಪನಿಯ ಗಳಿಕೆ, ಪುಟ್ಟರಾಜರ ತುಲಾಭಾರದಲ್ಲಿ ಕೂಡಿದ ಹಣ, ಭಕ್ತರ ದಾಸೋಹ. ಸೇರಿಸಿಕೊಳ್ಳುವುದೆಂದರೆ ಹೆಸರು ಬರೆದುಕೊಳ್ಳುವುದಷ್ಟೇ ಅಲ್ಲ, ಅನ್ನದ ಹೊಣೆಯನ್ನೂ ಹೊರುವುದು.

ಈಗ ಕಾಯ್ದೆಯ ಬಲವೂ ಇದೆ. 6ರಿಂದ 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಎಂದಿತು 2009ರ ಕಾಯ್ದೆ. ಗಣನೀಯ ಅಂಗವೈಕಲ್ಯವಿರುವ ಮಕ್ಕಳಿಗೆ 18ರವರೆಗೆ, ನೆರೆಯ ಶಾಲೆಯಲ್ಲೋ ಇಷ್ಟಪಟ್ಟ ವಿಶೇಷ ಶಾಲೆಯಲ್ಲೋ, ಉಚಿತವಾಗಿ ಕಲಿಯುವ ಹಕ್ಕು ಕೊಟ್ಟಿತು 2016ರ ಕಾಯ್ದೆ. ಆಶ್ರಮ ಇದೆಯಲ್ಲ ಎಂದು ಊರ ಶಾಲೆ ಕೈತೊಳೆದುಕೊಳ್ಳುವಂತಿಲ್ಲ. ಆದರೆ ಕಾಯ್ದೆ ತಾನಾಗಿ ಬಂದು ಯಾರ ಮನೆಯ ಕದ ತಟ್ಟುವುದಿಲ್ಲ.

ಶಿಕ್ಷಕರೆ, ಜೂನ್‌ನಲ್ಲಿ ಮಕ್ಕಳನ್ನು ಸೇರಿಸಲು ಮನೆಮನೆಗೆ ಹೋದಾಗ ಅಂಗಳದಲ್ಲಿ ಆಡುವವರನ್ನಷ್ಟೇ ಎಣಿಸಬೇಡಿ. ಒಳಗೆ ಇನ್ನೊಂದು ಕೂಸು ಇದೆಯೇ ಎಂದು ಕೇಳಿ. ತಾಯಂದಿರೆ, ಇದ್ದರೆ ಮುಚ್ಚಿಡಬೇಡಿ. ಅದರ ಹೆಸರೂ ಹಾಜರಿ ಪುಸ್ತಕಕ್ಕೆ ಬರಲಿ.