ಮೊದಲ ಮೂರು ವರ್ಷ ಯಾರ ಲೆಕ್ಕಕ್ಕೆ?

(ಬೆಂಗಳೂರಿನ ಜಯನಗರದಲ್ಲಿ ಸಣ್ಣ ಬೇಸಾಯಗಾರರು ಹಾಗೂ ಪೇಟೆಯ ಗ್ರಾಹಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಸುತ್ತಿನ ಬಡಾವಣೆಗಳ ಹೆಸರುಗಳಲ್ಲೇ ನಮ್ಮ ಇಂದಿನ ವಿಷಯ ಅಡಗಿದೆ. ಬಿ.ಟಿ.ಎಂ. ಲೇಔಟ್ ಎಂದು ದಿನವೂ ಹೇಳುತ್ತೇವೆ. ಅದು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರ. ಉಳುತ್ತಿದ್ದ ಊರುಗಳು ಮೂರು ಅಕ್ಷರವಾಗಿ ಉಳಿದಿವೆ. ನಾವು ಸೇರಿರುವ ಈ ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಪಕ್ಕದ ಜೆ.ಪಿ. ನಗರಕ್ಕೆ ಇರುವುದು ಜಯಪ್ರಕಾಶ ನಾರಾಯಣರ ಹೆಸರು. 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷವನ್ನು ಕಟ್ಟಿದವರಲ್ಲಿ ಅವರೊಬ್ಬರು. ಅವರ ಹೆಸರಿನ ಆ ನಗರದಲ್ಲಿ ಇಂದು ಕೂಲಿಯಿಂದ ಬದುಕುವವನು ಒಂದು ನಿವೇಶನ ಕೊಳ್ಳಲಾರ. ಯಾರನ್ನೂ ಚುಚ್ಚಲು ಇದನ್ನು ಹೇಳುತ್ತಿಲ್ಲ. ಬೇಸಾಯದ ಮಾತು ಎತ್ತಿದ ಮೇಲೆ ನೆಲ ಯಾರ ಕೈಯಲ್ಲಿದೆ ಎಂಬ ಮಾತನ್ನು ಬದಿಗಿಡಲಾಗದು ಎಂದಷ್ಟೇ ಹೇಳುತ್ತಿದ್ದೇನೆ.

ಇಲ್ಲಿಂದ ಬಸವನಗುಡಿ ಎಷ್ಟು ದೂರ? ಅಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ಕೂಡುತ್ತದೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳ ರೈತರು ಮೊದಲ ಬೆಳೆಯನ್ನು ಬಸವಣ್ಣನಿಗೆ ಅರ್ಪಿಸುತ್ತಿದ್ದರೆಂದು ಅದರ ಕಥೆ. ಇಂದು ಆ ಊರುಗಳಲ್ಲಿ ಕಡಲೆಕಾಯಿ ಬೆಳೆಯುವ ಹೊಲವಿಲ್ಲ. ಆದರೂ ಪರಿಷೆ ನಿಂತಿಲ್ಲ. ಹೊರ ಜಿಲ್ಲೆಗಳಿಂದ ಮೂಟೆಗಳು ಬರುತ್ತವೆ, ಜನ ಕೊಳ್ಳುತ್ತಾರೆ. ಬೆಳೆದವನೂ ತಿನ್ನುವವನೂ ಮುಖ ನೋಡಿಕೊಳ್ಳುವ ಕೂಟ ಈ ಪೇಟೆಗೆ ಹೊಸದಲ್ಲ. ವರ್ಷಕ್ಕೊಮ್ಮೆ ನಡೆಯುವ ಆ ಕೂಟವನ್ನು ವರ್ಷವಿಡೀ ನಡೆಸುವುದು ಹೇಗೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಈಚೆಗೆ ಪೇಟೆಯ ವಿದ್ಯಾವಂತರ ಬಾಯಲ್ಲಿ ಒಂದು ಹೊಸ ಹೆಸರು ಓಡಾಡುತ್ತಿದೆ: ಸಿಂಟ್ರೋಪಿಕ್ ಕೃಷಿ. ಹೆಸರು ನಾಲಿಗೆಗೆ ಕಷ್ಟ, ವಿಷಯ ಸುಲಭ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಅರ್ನ್ಸ್ಟ್ ಗೋಟ್ಷ್ ಎಂಬವರು 1980ರ ದಶಕದಲ್ಲಿ ಬ್ರೆಜಿಲ್ ದೇಶದ ಬಾಹಿಯಾ ಪ್ರಾಂತ್ಯದಲ್ಲಿ ನೆಲೆಸಿದರು. ಮರ ಕಡಿದು ಸೊರಗಿಸಿದ ಸುಮಾರು 500 ಹೆಕ್ಟೇರ್ ನೆಲವನ್ನು ಕೊಂಡು ಅಲ್ಲಿ ಕಾಡನ್ನೂ ಕೋಕೋ ಬೆಳೆಯನ್ನೂ ಒಟ್ಟಿಗೆ ಎಬ್ಬಿಸಿದರು. ಅವರ ಮಾತಿನ ಸಾರ ಇಷ್ಟು: ಕಾಡಿಗೆ ಯಾರೂ ಗೊಬ್ಬರ ಹಾಕುವುದಿಲ್ಲ, ಆದರೂ ಅದರ ಮಣ್ಣು ವರ್ಷದಿಂದ ವರ್ಷಕ್ಕೆ ಹದವಾಗುತ್ತದೆ. ಹೊಲವೂ ಕಾಡಿನ ಕ್ರಮವನ್ನೇ ಹಿಡಿಯಲಿ. ನೆಲ ಬರಿದಾಗಿರಕೂಡದು. ಎತ್ತರದ ಮರ, ನಡುಮರ, ಗಿಡ, ನೆಲಕ್ಕೆ ಹಬ್ಬುವ ಬಳ್ಳಿ, ಎಲ್ಲವೂ ಒತ್ತೊತ್ತಾಗಿ ಒಂದೇ ಸಲ ನೆಲ ಸೇರಲಿ. ಬೇಗ ಬರುವುದು ಬೇಗ ಕೊಯ್ಲಾಗಿ ತಡವಾಗಿ ಬರುವುದಕ್ಕೆ ಜಾಗ ಬಿಡಲಿ. ಕೊಂಬೆಗಳನ್ನು ಆಗಾಗ ಸವರಿ ಅಲ್ಲೇ ನೆಲಕ್ಕೆ ಹಾಸಬೇಕು; ಅದೇ ಗೊಬ್ಬರ, ಅದೇ ತೇವದ ಹೊದಿಕೆ.

ಇದು ನಮಗೆ ಪೂರ್ತಿ ಹೊಸದೆ? ನಮ್ಮ ಅಜ್ಜಂದಿರು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡುತ್ತಿದ್ದರು. ರಾಗಿಯ ನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆ, ಹರಳು. ಮಳೆ ಕೈಕೊಟ್ಟು ರಾಗಿ ಹೋದರೂ ಅವರೆ ಉಳಿಯುತ್ತಿತ್ತು. ರಾಗಿ ಕಣಕ್ಕೆ ಬಂದ ಮೇಲೂ ಹೊಲ ಏನನ್ನಾದರೂ ಕೊಡುತ್ತಿತ್ತು. ಮಲೆನಾಡಿನ ಅಡಿಕೆ ತೋಟವನ್ನು ನೋಡಿ: ಮೇಲೆ ಅಡಿಕೆ, ಅದನ್ನು ತಬ್ಬಿದ ಮೆಣಸು, ನಡುವೆ ಬಾಳೆ, ಕೆಳಗೆ ಏಲಕ್ಕಿ. ಮಹಡಿ ಮಹಡಿಯಾಗಿ ಬೆಳೆಯುವ ವಿದ್ಯೆ ನಮ್ಮಲ್ಲಿ ಇದೆ.

ಆದರೆ ಒಂದು ಭೇದವನ್ನು ಮರೆಯಬಾರದು. ಉತ್ತರ ಕನ್ನಡದ ಅಡಿಕೆ ತೋಟ ಬದುಕುವುದು ಸೊಪ್ಪಿನ ಬೆಟ್ಟದಿಂದ. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಹಕ್ಕನ್ನು ಬ್ರಿಟಿಷರ ಕಾಲದಿಂದ ಕೊಡಲಾಗಿತ್ತು. ತೋಟವಿದ್ದವನಿಗೆ ಸೊಪ್ಪು, ತೋಟವಿಲ್ಲದವನಿಗೆ ಆ ಸೊಪ್ಪು ಹೊರುವ ಕೂಲಿ! ಮಾಗಡಿ, ಕನಕಪುರ, ಆನೇಕಲ್ಲಿನ ಖುಷ್ಕಿ ಹೊಲದ ರೈತನಿಗೆ ಯಾವ ಬೆಟ್ಟವಿದೆ? ಅವನು ಗೊಬ್ಬರವನ್ನು ಅಂಗಡಿಯಿಂದ ಸಾಲಕ್ಕೆ ತರುತ್ತಾನೆ. ಸೊಪ್ಪನ್ನು ಹೊಲದೊಳಗೇ ಬೆಳೆದುಕೊ ಎನ್ನುವುದೇ ಈ ಕ್ರಮದಲ್ಲಿ ಬಡ ರೈತನಿಗೆ ಬೆಲೆಯುಳ್ಳ ಮಾತು. ಬದುವಿನ ಹೊಂಗೆ, ಸಾಲಿನ ಗೊಬ್ಬರದ ಗಿಡ, ಬಾಳೆಯ ದಿಂಡು, ಇವೇ ಅವನ ಸೊಪ್ಪಿನ ಬೆಟ್ಟ.

ಹೀಗಿರುವಾಗ ರೈತರೆಲ್ಲ ಇದನ್ನು ಏಕೆ ಹಿಡಿಯುತ್ತಿಲ್ಲ? ತಿಳಿವಳಿಕೆಯ ಕೊರತೆ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಾಯುವ ಶಕ್ತಿಯ ಕೊರತೆ ಎನ್ನುತ್ತೇನೆ. 500 ಹೆಕ್ಟೇರ್ ಉಳ್ಳವರು ಕಾಯಬಲ್ಲರು. 2015–16ರ ಕೃಷಿ ಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಒಂದು ಹಿಡುವಳಿಯ ಸರಾಸರಿ ಅಳತೆ 1.08 ಹೆಕ್ಟೇರ್, ನೂರು ಹಿಡುವಳಿಗಳಲ್ಲಿ 86 ಸಣ್ಣ ಮತ್ತು ಅತಿಸಣ್ಣವು. ಸೊಪ್ಪು ಒಂದು ತಿಂಗಳಿಗೆ ಕೈಗೆ ಬರುತ್ತದೆ, ಬಾಳೆಗೆ ಒಂದು ವರ್ಷ ಬೇಕು, ಹಲಸು, ಮಾವು ಕಾಯಿಬಿಡಲು ಹಲವು ವರ್ಷ. ಮಣ್ಣು ಹದಕ್ಕೆ ಬರುವ ಮೊದಲ ಮೂರು ವರ್ಷ ಕೆಲಸ ಹೆಚ್ಚು, ಆದಾಯ ಚಿಲ್ಲರೆ. ಸಾಲದ ಬಡ್ಡಿ ಮಾತ್ರ ಮರ ಬೆಳೆಯುವ ತನಕ ಕಾಯುವುದಿಲ್ಲ. ಹಾಗಾದರೆ ಆ ಮೂರು ವರ್ಷ ಯಾರ ಲೆಕ್ಕಕ್ಕೆ? ಈ ಪ್ರಶ್ನೆಗೆ ಉತ್ತರ ಕೊಡದೆ ಕಾಡಿನಂಥ ಹೊಲದ ಬಗ್ಗೆ ನೂರು ಭಾಷಣ ಮಾಡಿದರೂ ಅದು ಉಳ್ಳವರ ವಾರದ ರಜೆಯ ಹವ್ಯಾಸವಾಗಿ ನಿಲ್ಲುತ್ತದೆ.

ಆ ಅಪಾಯ ಬಾಗಿಲಿಗೆ ಬಂದಿದೆ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಸಮಾಜವಾದಿಗಳು ಅವರ ಬೆನ್ನಿಗೆ ನಿಂತರು. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. 1961ರಲ್ಲಿ ಭೂಸುಧಾರಣಾ ಕಾಯಿದೆ ಬಂತು. 1974ರ ತಿದ್ದುಪಡಿಯಿಂದ ಗೇಣಿ ಪದ್ಧತಿ ರದ್ದಾಯಿತು. ಬೇಸಾಯಗಾರನಲ್ಲದ ಹಣವಂತ ಹೊಲ ಕೊಳ್ಳದಂತೆ 79ಎ, 79ಬಿ ಕಲಮುಗಳು ತಡೆಯಾಗಿದ್ದವು. ಆ ಬೇಲಿಯಲ್ಲಿ ಕಂಡಿಗಳಿದ್ದವು, ನಿಜ. ಕಂಡಿ ಮುಚ್ಚುವ ಬದಲು 2020ರಲ್ಲಿ ಬೇಲಿಯನ್ನೇ ಕಿತ್ತರು. ಈಗ ಹಣವಿದ್ದ ಯಾರೂ ಹೊಲ ಕೊಂಡು, ಸುತ್ತ ತಂತಿ ಬಿಗಿದು, ಒಳಗೆ ನೂರು ಜಾತಿಯ ಮರ ನೆಟ್ಟು, ತಾನು ಭೂಮಿತಾಯಿಯ ಸೇವೆ ಮಾಡುತ್ತಿದ್ದೇನೆ ಎನ್ನಬಹುದು. ಹೊಲ ಮಾರಿದವನು ಅದೇ ಹೊಲದಲ್ಲಿ ಕಾವಲುಗಾರ! ಮರ ಹೆಚ್ಚಿತು, ರೈತ ಇಲ್ಲವಾದ. ಇಂಥ ಕಾಡು ನಮಗೆ ಬೇಡ.

ಅದೇ ಬ್ರೆಜಿಲಿನಲ್ಲಿ ಇನ್ನೊಂದು ದಾರಿಯೂ ಕಾಣುತ್ತದೆ. 1984ರಲ್ಲಿ ಸ್ಥಾಪನೆಯಾದ ಭೂಹೀನ ಕಾರ್ಮಿಕರ ಚಳವಳಿ ಪಾಳು ಬಿದ್ದ ದೊಡ್ಡ ಎಸ್ಟೇಟುಗಳನ್ನು ಹೊಕ್ಕು ನೆಲದ ಹಕ್ಕು ಕೇಳಿತು. ಹೀಗೆ ನೆಲ ಪಡೆದ ಕುಟುಂಬಗಳು ಕೆಲವು ವಸಾಹತುಗಳಲ್ಲಿ ಇದೇ ಕಾಡುಬೇಸಾಯವನ್ನು ಹಿಡಿದಿವೆ. ಮೊದಲು ಹಕ್ಕು, ಆಮೇಲೆ ಮರ. ಈ ಅನುಕ್ರಮ ನಮಗೂ ಪಾಠ.

ಹಾಗೆಂದು ಪೇಟೆಯವರನ್ನು ದೂರವಿಡಬೇಕೆ? ಎಲ್ಲಾದರೂ ಉಂಟೆ! ಈ ಬೆಂಗಳೂರಿನಲ್ಲಿ ಡಾ. ಬಿ.ಎನ್. ವಿಶ್ವನಾಥ್ ಅವರು ತಾರಸಿಯ ಮೇಲೆ ತರಕಾರಿ ಬೆಳೆಯುವುದನ್ನು ವರ್ಷಗಟ್ಟಲೆ ಜನರಿಗೆ ಕಲಿಸಿದರು. 2011ರಿಂದ ತಾರಸಿ ತೋಟದವರು ಬಡಾವಣೆಯಿಂದ ಬಡಾವಣೆಗೆ ಸಂತೆ ಕೂಡಿ ಬೀಜ, ಗೊಬ್ಬರ, ಅನುಭವಗಳನ್ನು ಹಂಚಿಕೊಂಡರು. ಪುತ್ತೂರಿನಲ್ಲಿ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ರೈತನ ಕೈಗೇ ಲೇಖನಿ ಕೊಟ್ಟಿತು. ಒಬ್ಬ ತನ್ನ ತೋಟದಲ್ಲಿ ಕಂಡುಕೊಂಡದ್ದು ಸಾವಿರ ಮನೆಗೆ ತಲುಪಿತು. ಜ್ಞಾನವನ್ನು ಹೀಗೆ ಹಂಚಲು ಕಲಿತಿದ್ದೇವೆ. ಹಂಚಲು ಇನ್ನೂ ಕಲಿಯದಿರುವುದು ನಷ್ಟವನ್ನು.

ಇಲ್ಲಿ ಸಣ್ಣ ವ್ಯಾಪಾರಿ ಮಿತ್ರರು ಕಿವಿಗೊಡಬೇಕು. ಮಂಡಿಗೆ ಬೇಕಾದದ್ದು ಒಂದೇ ಮಾಲಿನ ಲಾರಿ ಲೋಡು. ಆದ್ದರಿಂದಲೇ ರೈತ ಹೊಲದ ತುಂಬ ಟೊಮೇಟೊ ಒಂದನ್ನೇ ಹಾಕುತ್ತಾನೆ. ಬೆಲೆ ಬಿದ್ದ ದಿನ ರಸ್ತೆಗೆ ಸುರಿಯುತ್ತಾನೆ. ಕಾಡಿನಂಥ ಹೊಲ ಕೊಡುವುದು ಐದು ಕಿಲೋ ನುಗ್ಗೆ, ಎರಡು ಗೊನೆ ಬಾಳೆ, ನಾಲ್ಕು ಕಟ್ಟು ಸೊಪ್ಪು, ಒಂದಿಷ್ಟು ಕರಿಬೇವು, ನಿಂಬೆ. ಮಂಡಿಯಲ್ಲಿ ಇದನ್ನು ಕೇಳುವವರಿಲ್ಲ. ಆದರೆ ಬನಶಂಕರಿಯ, ಸಾರಕ್ಕಿಯ ತಳ್ಳುಗಾಡಿಗೆ ಬೇಕಾದದ್ದು ಇದೇ ಅಲ್ಲವೆ? ಇಪ್ಪತ್ತು ಬಗೆ, ಬಗೆಗೆ ನಾಲ್ಕೈದು ಕಿಲೋ! ಬೆರಕೆ ಹೊಲಕ್ಕೆ ತಕ್ಕ ಅಂಗಡಿ ತಳ್ಳುಗಾಡಿಯೇ. ನಡುರಾತ್ರಿ ಎದ್ದು ಮಂಡಿಗೆ ಹೋಗಿ, ಮೀಟರ್ ಬಡ್ಡಿಯ ಸಾಲದಲ್ಲಿ ಮಾಲು ಎತ್ತುವ ಗಾಡಿಯವನೂ ಸಾಲದಲ್ಲಿ ಬಿತ್ತುವ ರೈತನೂ ಒಂದೇ ಹಗ್ಗದ ಎರಡು ತುದಿ.

ಸಹಕಾರಕ್ಕೂ ಇಲ್ಲಿ ಬೇರಿದೆ. ಮರಿಗೌಡರು ತೋಟಗಾರಿಕೆ ಇಲಾಖೆಯಲ್ಲಿದ್ದ ಕಾಲದಲ್ಲಿ, 1959ರಲ್ಲಿ, ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಅದೇ ಬೆಳೆದು ಹಾಪ್‌ಕಾಮ್ಸ್ ಆಯಿತು. ಬೆಳೆಗಾರನೇ ಸದಸ್ಯ, ಮಾರುವ ಮಳಿಗೆ ಸಂಘದ್ದು ಎಂಬ ತತ್ವ ದೊಡ್ಡದು. ಅದಕ್ಕೆ ಈಗ ಒಂದು ಹೆಜ್ಜೆ ಸೇರಬೇಕು: ತಿನ್ನುವವನೂ ಸದಸ್ಯನಾಗಬೇಕು, ಮಾಲಿಗೆ ಮಾತ್ರವಲ್ಲ, ಮೊದಲ ಮೂರು ವರ್ಷದ ನಷ್ಟಕ್ಕೂ.

ಅದು ಹೇಗೆ? ನಿಮಗೆ ಚೀಟಿ ಗೊತ್ತು. ಗಾರ್ಮೆಂಟ್ಸ್ ಅಕ್ಕಂದಿರು ಇಪ್ಪತ್ತು ಜನ ಸೇರಿ ಚೀಟಿ ಕಟ್ಟುತ್ತಾರೆ. ಅಗತ್ಯ ಬಿದ್ದವರು ಮೊದಲು ಎತ್ತುತ್ತಾರೆ. ಅದೇ ಲೆಕ್ಕವನ್ನು ಹೊಲಕ್ಕೆ ಹಾಕಿ. ಇಪ್ಪತ್ತು ಮನೆಯವರು ಹೇಗೂ ತರಕಾರಿಗೆ ಕೊಡುವ ತಿಂಗಳ ಹಣವನ್ನು ಮುಂಗಡವಾಗಿ ಒಬ್ಬ ರೈತನಿಗೆ ಕೊಡಲಿ. ಚೀಟಿಯನ್ನು ರೈತ ಮೊದಲು ಎತ್ತಲಿ. ರಾಗಿ, ಅವರೆ, ಸೊಪ್ಪುಗಳಲ್ಲಿ ವಾರವಾರ ತೀರಿಸಲಿ. ಗಾಡಿಯವನು ಹಂಚಲಿ, ಅವನಿಗೆ ನಿಗದಿಯಾದ ಪಾಲು ಸಿಗಲಿ. ಆಲಿಕಲ್ಲು ಮಳೆ ಬಿದ್ದ ವಾರ ಎಲ್ಲರ ಚೀಲವೂ ಹಗುರಾಗಲಿ, ಒಬ್ಬನ ಬೆನ್ನು ಮುರಿಯದಿರಲಿ. ಹೊಲದಲ್ಲಿ ಕೊಂಬೆ ಸವರುವ ಹೆಣ್ಣಾಳಿನ ಕೂಲಿ ಗಂಡಾಳಿನದಕ್ಕೆ ಸಮನಾಗಿ ಈ ಲೆಕ್ಕದಲ್ಲೇ ಮೊದಲು ಬರೆಯಲ್ಪಡಲಿ. ‘ಸಾವಯವ’ ಎಂಬ ಚೀಟಿ ಅಂಟಿಸಿ ದುಪ್ಪಟ್ಟು ಬೆಲೆ ಕೇಳುವ ವ್ಯಾಪಾರ ಇದಲ್ಲ. ಬಡ್ಡಿಗೆ, ಕಮಿಷನ್ನಿಗೆ ಹೋಗುತ್ತಿದ್ದ ಹಣ ಹೊಲದಲ್ಲಿ ಉಳಿದರೆ ಕಾರ್ಮಿಕನ ಮನೆಗೂ ಈ ಬೆಲೆ ಎಟಕುವಂತೆ ಮಾಡಬಹುದು. ಎಟಕದಿದ್ದರೆ ನಮ್ಮ ಲೆಕ್ಕ ತಪ್ಪಿದೆ ಎಂದೇ ತಿಳಿದು ಮತ್ತೆ ಕೂತು ಬರೆಯೋಣ.

ಇನ್ನೊಂದು ಋಣವೂ ತೀರಬೇಕಾಗಿದೆ. ಹಳ್ಳಿಯಿಂದ ಸೊಪ್ಪು ತಂದ ಈ ಪೇಟೆ ಹಳ್ಳಿಗೆ ಕಸ ಕಳುಹಿಸಿತು. ಮಾವಳ್ಳಿಪುರದ ಜನ, ಮಂಡೂರಿನ ಜನ ದಾರಿಗೆ ಅಡ್ಡ ನಿಂತು, 2012ರಲ್ಲಿ, 2014ರಲ್ಲಿ, ಲಾರಿಗಳನ್ನು ನಿಲ್ಲಿಸಬೇಕಾಯಿತು. ಜಯನಗರದ ಸಾಲುಮರಗಳು ಉದುರಿಸುವ ಎಲೆಯನ್ನು ಗುಡಿಸಿ ಬೆಂಕಿ ಹಚ್ಚುವುದನ್ನು ನೀವು ನೋಡಿದ್ದೀರಿ. ಖುಷ್ಕಿ ಹೊಲದವನಿಗೆ ಅದು ಚಿನ್ನ. ತರಕಾರಿ ತಂದ ಗಾಡಿ ಪ್ಲಾಸ್ಟಿಕ್ ಬೆರೆಯದ ಒಣ ಎಲೆಯ ಮೂಟೆ ಹೊತ್ತು ಮರಳಲಿ.

ಇಷ್ಟೆಲ್ಲ ಆಗುವ ಮಾತೆ ಎಂದು ಕೇಳಬಹುದು. 2016ರ ಏಪ್ರಿಲಿನಲ್ಲಿ ಭವಿಷ್ಯ ನಿಧಿಯ ಹೊಸ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಅವರಲ್ಲಿ ಹಲವರು ಒಂದೆರಡು ಎಕರೆ ಹೊಲ ಸಾಕಲಾರದೆ ಪೇಟೆಗೆ ಬಂದವರ ಮಕ್ಕಳು. ಬೀದಿಗಿಳಿದು ಬೇಡ ಎನ್ನಬಲ್ಲ ಜನಕ್ಕೆ ಕೂಡಿ ಕಟ್ಟುವ ಶಕ್ತಿಯೂ ಇದೆ.

ದೊಡ್ಡ ಠರಾವು ಬೇಡ. ಇಂದು ಈ ಸಭೆಯಿಂದ ಏಳುವ ಮೊದಲು ಒಂದು ಹೊಲ, ಇಪ್ಪತ್ತು ಮನೆ, ಒಂದು ಗಾಡಿ, ಇಷ್ಟನ್ನು ಗೊತ್ತು ಮಾಡಿ. ಹೊಲ ರೈತನ ಹೆಸರಿನಲ್ಲೇ ಇರಬೇಕು ಎಂಬುದು ಮೊದಲ ಷರತ್ತು. ಮೂರು ವರ್ಷದ ಲೆಕ್ಕವನ್ನು ಎಲ್ಲರೂ ನೋಡುವಂತೆ ಗೋಡೆಗೆ ಹಾಕಿ. ಹಲಸಿನ ಮೊದಲ ಕಾಯಿ ಇಳಿಯುವ ದಿನ ಇಪ್ಪತ್ತು ಮನೆಯವರೂ ಗಾಡಿಯವನೂ ಆ ಹೊಲದಲ್ಲೇ ಸೇರಿ ತೊಳೆ ಹಂಚಿಕೊಳ್ಳುವಂತಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.