ಒಂಟೆಗಿಂತ ಎತ್ತರದ ಕುರಿಗಾಹಿ



ಕ್ರಿಸ್ಮಸ್ಸಿನ ಗೋದಲಿ ಹಾಗೂ ನಕ್ಷತ್ರದೀಪಗಳ ಈ ಪ್ರದರ್ಶನವನ್ನು ಉದ್ಘಾಟಿಸುವ ಗೌರವವನ್ನು, ಮೂವತ್ತೆರಡು ವರ್ಷ ಚಿತ್ರಕಲೆಯ ಅಧ್ಯಾಪಕನಾಗಿದ್ದುದರ ಹೊರತು ಬೇರಾವ ಅರ್ಹತೆಯೂ ಇಲ್ಲದ ನನಗೆ ದಯಪಾಲಿಸಿದ್ದೀರಿ; ಕೃತಜ್ಞನಾಗಿದ್ದೇನೆ. ‘ಹಬ್ಬದ ಕಾಲದಲ್ಲಿ ಮನಸ್ಸಿನ ನೆಮ್ಮದಿಗೆ ಕಲೆ’ ಎಂಬುದು ನೀವು ಕೊಟ್ಟಿರುವ ವಿಷಯ. ನಾನು ಮನಶ್ಶಾಸ್ತ್ರವನ್ನು ಓದಿದವನಲ್ಲ. ಬಿದಿರು, ಕಾಗದ, ಮೈದಾ ಅಂಟು, ಇವಿಷ್ಟನ್ನು ಬಲ್ಲವನು. ಆದುದರಿಂದ ಅವುಗಳ ಮಾತನ್ನೇ ಆಡುವೆನು.

ಕಲೆಗೂ ಸ್ವಾಸ್ಥ್ಯಕ್ಕೂ ಇರುವ ನಂಟನ್ನು ಕುರಿತು ಪಂಡಿತರು ಬರೆದುದು ಅಪಾರವಾಗಿದೆ; ನನಗೆ ಪ್ರಿಯವಾದುದು ಒಂದೇ ಪ್ರಸಂಗ. 1938ರಲ್ಲಿ ಆಡ್ರಿಯನ್ ಹಿಲ್ ಎಂಬ ಆಂಗ್ಲ ಚಿತ್ರಕಾರನು ಕ್ಷಯರೋಗಪೀಡಿತನಾಗಿ ಸಸೆಕ್ಸ್ ಪ್ರಾಂತದ ಆರೋಗ್ಯಧಾಮವೊಂದರಲ್ಲಿ ಮಲಗಿದ್ದಾಗ, ಹಾಸಿಗೆಯ ಬಳಿ ಕಣ್ಣಿಗೆ ಬಿದ್ದ ಸಾಮಾನ್ಯ ವಸ್ತುಗಳನ್ನೇ ಚಿತ್ರಿಸುತ್ತ ತನ್ನ ಬೇಸರವನ್ನು ನೀಗಿಕೊಂಡನಲ್ಲದೆ, ಮುಂದೆ ಇತರ ರೋಗಿಗಳ ಕೈಗೂ, ಯುದ್ಧದಿಂದ ಜರ್ಜರಿತರಾಗಿ ಮರಳಿದ ಸೈನಿಕರ ಕೈಗೂ ಪೆನ್ಸಿಲನ್ನು ಕೊಟ್ಟನು. ‘ಆರ್ಟ್ ಥೆರಪಿ’, ಎಂದರೆ ಕಲಾಚಿಕಿತ್ಸೆ, ಎಂಬ ಹೆಸರನ್ನು 1942ರಲ್ಲಿ ಟಂಕಿಸಿದವನೂ ಆತನೇ. ಆ ಸೈನಿಕರ ಚಿತ್ರಗಳಿಗೆ ಯಾರಾದರೂ ಅಂಕ ಕೊಟ್ಟರೆಂದು ನಾನು ಕೇಳಿಲ್ಲ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮತ್ತೆ ಇಲ್ಲಿಗೇ ಬರುವೆನು.

ಡಿಸೆಂಬರ್ ಬಂತೆಂದರೆ ನಮ್ಮ ಮಂಗಳೂರಿನ ಓಣಿಗಳಲ್ಲಿ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ಎಣ್ಣೆ ಕಾಯುವ ಪರಿಮಳ ಹಬ್ಬುವುದು. ಆದರೆ ಮಕ್ಕಳೆಲ್ಲ ಗಲ್ಫಿನಲ್ಲಿದ್ದು, ಕಿಡಿಯೊ ಕರಿದರೂ ತಿನ್ನುವವರಿಲ್ಲದ ಮನೆಗಳಿಗೂ, ಅದೇ ವರ್ಷ ಒಬ್ಬರನ್ನು ಕಳೆದುಕೊಂಡ ಮನೆಗಳಿಗೂ ಆ ಪರಿಮಳವೇ ಒಂದು ಯಾತನೆ. ನನ್ನ ಪತ್ನಿ ಅಕ್ಟೋಬರಿನಲ್ಲಿ ತೀರಿಕೊಂಡ ವರ್ಷ ನಮ್ಮ ಅಂಗಳದಲ್ಲಿ ದೀಪಾವಳಿಯ ಗೂಡುದೀಪ ಏರಲಿಲ್ಲ. ಡಿಸೆಂಬರಿನ ಒಂದು ಸಂಜೆ ನೆರೆಮನೆಯ ಬಾಯಮ್ಮನವರು ತಮ್ಮ ಮೊಮ್ಮಗನನ್ನು ಸೊಟ್ಟ ನಕ್ಷತ್ರವೊಂದರ ಸಮೇತ ನನ್ನ ಜಗಲಿಗೆ ಅಟ್ಟಿ, ‘ಮಾಸ್ಟ್ರೆ, ಇದು ನಿಲ್ಲುವುದೇ ಇಲ್ಲವಂತೆ, ಸ್ವಲ್ಪ ನೋಡಿ’ ಎಂದು ಬೇಲಿಯಾಚೆಯಿಂದ ಕೂಗಿದರು.

ನಕ್ಷತ್ರಕ್ಕೆ ಒಂದೇ ಉದ್ದದ ಹತ್ತು ಬಿದಿರುಕಡ್ಡಿ ಬೇಕು. ಐದೈದರಿಂದ ಎರಡು ಚೌಕಟ್ಟು ಕಟ್ಟಿ, ಒಂದರ ಮೇಲೊಂದಿರಿಸಿ, ಐದು ತುದಿಗಳನ್ನೂ ನೂಲಿನಿಂದ ಬಿಗಿದು, ಒಳಗೆ ಕಡ್ಡಿಗಳು ಒಂದನ್ನೊಂದು ಹಾಯುವ ಐದು ಕಡೆಗಳಲ್ಲಿ ಗಿಡ್ಡ ಕಡ್ಡಿಗಳನ್ನು ಆಸರೆಯಾಗಿ ಸಿಕ್ಕಿಸಿದರೆ, ಚಪ್ಪಟೆಯಾಗಿದ್ದುದು ಹೊಟ್ಟೆಯುಬ್ಬಿ ನಿಲ್ಲುವುದು. ಹುಡುಗನು ಆ ಗಿಡ್ಡ ಕಡ್ಡಿಗಳನ್ನು ಮರೆತಿದ್ದನು. ಎಲ್ಲವನ್ನೂ ಬಿಚ್ಚಿ ಕಟ್ಟಿ, ಮೈಲುತುತ್ತ ಬೆರೆಸಿದ ಅಂಟು ಕಾಯಿಸಿ, ಕಾಗದ ಹಚ್ಚುವಷ್ಟರಲ್ಲಿ ರಾತ್ರಿ ಹತ್ತಾಗಿತ್ತು. ದುಃಖ ಹೋಯಿತೆನ್ನಲಾರೆ; ಆದರೆ ನೂಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಹಿಡಿದವನಿಗೆ ನಿಟ್ಟುಸಿರುಬಿಡಲು ಪುರಸೊತ್ತಿರುವುದಿಲ್ಲ. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಆ ರಾತ್ರಿ ನನಗೆ ಹಸಿವಾಯಿತು.

ಇನ್ನು ನನ್ನ ತಕರಾರು. ಆಮಂತ್ರಣಪತ್ರಿಕೆಯ ಕೊನೆಯಲ್ಲಿ ‘ಉತ್ತಮ ಗೋದಲಿಗೆ ಪ್ರಥಮ, ದ್ವಿತೀಯ, ತೃತೀಯ ಬಹುಮಾನ’ ಎಂದು ಅಚ್ಚಾಗಿದೆ. ನನ್ನ ಮನೆ ಕತ್ತಲಾಗುವುದಕ್ಕೆ ಬಹಳ ಹಿಂದೆ, ಇಂಥ ಸ್ಪರ್ಧೆಗಳ ತೀರ್ಪುಗಾರನಾಗಿ ನಾನೂ ಮನೆಮನೆ ತಿರುಗಿದವನು. ಒಂದು ಬಡಮನೆಯ ಗೋದಲಿಯಲ್ಲಿ, ತಟ್ಟೆಯಲ್ಲಿ ಮೊಳೆಸಿದ ರಾಗಿಯ ಹಸುರುಗದ್ದೆಯ ನಡುವೆ, ಕುರಿಗಾಹಿಯೊಬ್ಬನು ಒಂಟೆಗಿಂತ ಎತ್ತರವಾಗಿ, ಒಂದು ಪಕ್ಕಕ್ಕೆ ವಾಲಿ, ಕೊಟ್ಟಿಗೆಯ ಕಂಬಕ್ಕೆ ಒರಗಿದ್ದನು. ‘ಪ್ರಮಾಣಬದ್ಧತೆ’ ಎಂಬ ಅಂಕಣದಲ್ಲಿ ಹತ್ತಕ್ಕೆ ಎರಡು ಬರೆದು, ಅಂಗಡಿಯಿಂದ ತಂದ ಥರ್ಮಾಕೋಲಿನ ಗೋದಲಿಯೊಂದಕ್ಕೆ ಬಹುಮಾನವನ್ನಿತ್ತು ಬಂದೆನು. ಆ ಬಡಮನೆಯ ಯಜಮಾನನು ಹೆಂಚಿನ ಕಾರ್ಖಾನೆಯ ಕೆಲಸಗಾರನಾಗಿದ್ದು, ವರ್ಷಕ್ಕೊಂದು ಗೊಂಬೆಯನ್ನು ಜೇಡಿಮಣ್ಣಿನಲ್ಲಿ ಮಾಡುತ್ತಿದ್ದವನು ಆ ಮಳೆಗಾಲದಲ್ಲಿ ತೀರಿಹೋಗಿದ್ದನೆಂದೂ, ಅವನು ಉಳಿಸಿಹೋದ ಮಣ್ಣನ್ನು ನೆನೆಸಿ, ಹಿಂದೆಂದೂ ಗೊಂಬೆ ಮಾಡದ ಅವನ ಹೆಂಡತಿಯೇ ಆ ಕುರಿಗಾಹಿಯನ್ನು ನಿಲ್ಲಿಸಿದ್ದಳೆಂದೂ ನನಗೆ ತಿಳಿದುದು ಈಸ್ಟರಿನ ಹೊತ್ತಿಗೆ. ಕ್ಷಮೆ ಕೇಳಲು ಹೋದಾಗ ಆಕೆ ಅಂಕದ ಸುದ್ದಿಯನ್ನೇ ಎತ್ತದೆ, ‘ಕಾಲು ಗಟ್ಟಿಯಾಗಲು ಏನು ಮಾಡಬೇಕು, ಮಾಸ್ಟ್ರೆ?’ ಎಂದು ಕೇಳಿದಳು. ಒಳಗೊಂದು ಕಡ್ಡಿ ಇಡಬೇಕೆಂದು ಹೇಳಿಕೊಟ್ಟೆನು. ತೀರ್ಪುಗಾರನಾಗಿ ಮತ್ತೆ ಎಲ್ಲಿಗೂ ಹೋಗಲಿಲ್ಲ.

ಸಂತೈಸುವುದಕ್ಕೆಂದು ಕೈಗೆ ಮಣ್ಣನ್ನು ಕೊಟ್ಟು, ಮರುಗಳಿಗೆಯಲ್ಲಿಯೇ ಅಂಕಪಟ್ಟಿ ಹಿಡಿದು ಎದುರಿಗೆ ನಿಲ್ಲುವುದು ನ್ಯಾಯವಲ್ಲ. ಬಹುಮಾನದ ಹಣದಲ್ಲಿ ಬಿದಿರು, ಕಾಗದ, ಜೇಡಿಮಣ್ಣು ತಂದು ಬಾಗಿಲ ಬಳಿಯ ಮೇಜಿನ ಮೇಲಿಟ್ಟು, ಬಂದವರನ್ನು ಕೂರಿಸಬೇಕೆಂದು ಸಮಿತಿಯವರನ್ನು ಬೇಡಿಕೊಳ್ಳುವೆನು. ಕೈಗೆಲಸವು ವೈದ್ಯನಲ್ಲವೆಂಬುದನ್ನೂ ಹೇಳಿಬಿಡಬೇಕು. ವಾರಗಟ್ಟಲೆ ನಿದ್ರೆಯಿಲ್ಲದವರು, ಬದುಕೇ ಬೇಡವೆನಿಸಿದವರು ವೈದ್ಯರನ್ನು ಕಾಣಲೇಬೇಕು. ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು.

ಒಳಗೆ ಯಾವ ಗೋದಲಿ ಎಲ್ಲಿದೆಯೆಂಬುದನ್ನು ಸ್ವಯಂಸೇವಕರು ನನಗಿಂತ ಚೆನ್ನಾಗಿ ಹೇಳುವರು. ನಾನೀಗ ರಿಬ್ಬನ್ನನ್ನು ಕತ್ತರಿಸುವೆನು. ಆದರೆ ಕತ್ತರಿಯನ್ನು ತಟ್ಟೆಗೆ ಹಿಂದಿರುಗಿಸುವುದಿಲ್ಲ. ಆ ಮೇಜಿಗೆ ಅದು ಬೇಕಾಗುವುದು.