ಗುಡುಗಿಗೆ ಹೆದರುವ ಬೆಕ್ಕು ಮತ್ತು ನಮ್ಮ ಹೊಣೆ
(ಜುಮಾ ಪ್ರವಚನದ ಸಾರಾಂಶ)

ಅಲ್ಲಾಹನಿಗೆ ಸ್ತುತಿ ಅರ್ಪಿಸುತ್ತಾ, ಅಂತ್ಯಪ್ರವಾದಿ ಮುಹಮ್ಮದರ(ಸ) ಮೇಲೆ ಸಲಾತ್ ಮತ್ತು ಸಲಾಮ್ ಹೇಳುತ್ತಾ ಆರಂಭಿಸುತ್ತೇನೆ.



ಮುಂಗಾರು ಹಿಡಿಯುವ ಮುಂಚಿನ ವಾರಗಳಲ್ಲಿ, ಮತ್ತೆ ಅಕ್ಟೋಬರ್‌ನ ಹಿಂಗಾರಿನಲ್ಲಿ ನಮ್ಮ ನಾಡಿನಲ್ಲಿ ಗುಡುಗು ಸಿಡಿಲು ಹೆಚ್ಚು. ಸಂಜೆ ಮೋಡ ಕವಿದು ಮೊದಲ ಗುಡುಗು ಕೇಳಿದ ಕೂಡಲೇ ಮನೆಯ ಬೆಕ್ಕು ಮಂಚದಡಿ ಸೇರುತ್ತದೆ, ಇಲ್ಲವೇ ಕಪಾಟಿನ ಹಿಂದೆ ಅಡಗುತ್ತದೆ. ಕೆಲವು ಮನೆಗಳಲ್ಲಿ ಮಕ್ಕಳು ಅದನ್ನು ಬಾಲ ಹಿಡಿದು ಎಳೆದು ನಗುತ್ತಾರೆ, ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾರೆ. ಇನ್ನು ಕೆಲವು ಕಡೆ ಅದರ ಕೂಗು ಕಿರಿಕಿರಿಯೆಂದು ಹೊರಗೆ ಹಾಕಿ ಬಾಗಿಲು ಮುಚ್ಚುತ್ತಾರೆ. ಜುಮಾದ ಮಿಂಬರ್‌ನಲ್ಲಿ ಬೆಕ್ಕಿನ ಮಾತೇಕೆ ಎಂದು ಯಾರಿಗಾದರೂ ಅನಿಸಬಹುದು. ಒಂದು ಬೆಕ್ಕಿನ ವಿಷಯದಲ್ಲಿ ಒಬ್ಬ ಸ್ತ್ರೀ ನರಕಕ್ಕೆ ಅರ್ಹಳಾದಳೆಂದು ನಮ್ಮ ಪ್ರವಾದಿ(ಸ) ತಿಳಿಸಿದ್ದಾರೆ. ಆದ್ದರಿಂದ ಇದು ಸಣ್ಣ ವಿಷಯವಲ್ಲ.

ಬುಖಾರಿ ಮತ್ತು ಮುಸ್ಲಿಂ ಎರಡರಲ್ಲೂ ಇರುವ ಆ ಹದೀಸ್ ನಿಮಗೆಲ್ಲ ಗೊತ್ತು. ಆಕೆ ಬೆಕ್ಕನ್ನು ಕೂಡಿಹಾಕಿದಳು. ತಾನೂ ಉಣಿಸಲಿಲ್ಲ, ಅದು ತಾನಾಗಿ ಹೋಗಿ ಆಹಾರ ಹುಡುಕಿಕೊಳ್ಳಲೂ ಬಿಡಲಿಲ್ಲ. ನಾವು ಸಾಮಾನ್ಯವಾಗಿ ಇದರಿಂದ ಹಸಿವಿನ ಪಾಠವನ್ನು ಮಾತ್ರ ಕಲಿಯುತ್ತೇವೆ. ಬೆಕ್ಕಿಗೆ ಮೀನು ಹಾಕಿದೆವು, ಹಾಲು ಕೊಟ್ಟೆವು, ನಮ್ಮ ಹೊಣೆ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಆಕೆಯ ತಪ್ಪಿನಲ್ಲಿ ಇನ್ನೊಂದು ಭಾಗವೂ ಇದೆ. ಸಂಕಟದಲ್ಲಿದ್ದ ಜೀವಕ್ಕೆ ಅದರಿಂದ ಪಾರಾಗುವ ದಾರಿಯನ್ನೇ ಆಕೆ ಮುಚ್ಚಿದಳು.

ಮೂಕಪ್ರಾಣಿಯ ಸಂಕಟಕ್ಕೆ ಪ್ರವಾದಿವರ್ಯರು(ಸ) ಹೇಗೆ ಸ್ಪಂದಿಸಿದರೆಂಬುದನ್ನು ಇನ್ನೊಂದು ಘಟನೆಯಲ್ಲಿ ನೋಡಿ. ಅಬೂದಾವೂದ್ ಗ್ರಂಥದಲ್ಲಿ ಅಬ್ದುಲ್ಲಾ ಬಿನ್ ಜಅ್‌ಫರ್(ರ) ಇದನ್ನು ವರದಿ ಮಾಡಿದ್ದಾರೆ. ಪ್ರವಾದಿ(ಸ) ಒಬ್ಬ ಅನ್ಸಾರಿಯ ತೋಟಕ್ಕೆ ಹೋದಾಗ ಅಲ್ಲಿದ್ದ ಒಂದು ಒಂಟೆ ಅವರನ್ನು ಕಂಡು ನರಳಿತು, ಅದರ ಕಣ್ಣಲ್ಲಿ ನೀರು ಹರಿಯಿತು. ಅವರು ಹತ್ತಿರ ಹೋಗಿ ಅದರ ಕಿವಿಯ ಹಿಂಬದಿಯನ್ನು ಸವರಿದರು. ಅದು ಸುಮ್ಮನಾಯಿತು. ಆ ಬಳಿಕ ಇದರ ಒಡೆಯ ಯಾರೆಂದು ಕೇಳಿದರು. ಒಡೆಯ ಬಂದಾಗ, ಹಸಿವಿನಲ್ಲಿಟ್ಟು ಅತಿಯಾಗಿ ದುಡಿಸುತ್ತಿರುವ ಬಗ್ಗೆ ಅವನನ್ನು ಎಚ್ಚರಿಸಿದರು. ಇಲ್ಲಿರುವ ಕ್ರಮವನ್ನು ಗಮನಿಸಿ. ಮೊದಲು ಸಾಂತ್ವನ, ನಂತರ ವಿಚಾರಣೆ. ನೊಂದ ಪ್ರಾಣಿಯನ್ನು ಸಮಾಧಾನಪಡಿಸುವುದು ಪ್ರವಾದಿಚರ್ಯೆಯೇ ಆಗಿದೆ.

ಭಯಪಡುವುದು ಅವಮಾನವೇನಲ್ಲ. ಕಪ್ಪು ಮೋಡ ಕಂಡಾಗ ಪ್ರವಾದಿವರ್ಯರ(ಸ) ಮುಖಭಾವವೇ ಬದಲಾಗುತ್ತಿತ್ತು, ಮಳೆ ಸುರಿದ ಮೇಲಷ್ಟೇ ಅವರಿಗೆ ನೆಮ್ಮದಿಯಾಗುತ್ತಿತ್ತು ಎಂದು ಆಯಿಶಾ(ರ) ಹೇಳಿದ್ದಾರೆ. ಕುರ್‌ಆನಿನ 13ನೇ ಅಧ್ಯಾಯಕ್ಕೆ ಗುಡುಗಿನದ್ದೇ ಹೆಸರು, ಅರ್‍ರಅದ್. ಮಿಂಚಿನಲ್ಲಿ ಭಯವೂ ಇದೆ, ನಿರೀಕ್ಷೆಯೂ ಇದೆ ಎಂದು ಅದು ತಿಳಿಸುತ್ತದೆ. ಗುಡುಗು ಅಲ್ಲಾಹನ ಸ್ತುತಿ ಮಾಡುತ್ತದೆ ಎಂಬುದು ನಮಗೆ ತಿಳಿದಿದೆ. ಬೆಕ್ಕಿಗೆ ಆ ಜ್ಞಾನವಿಲ್ಲ. ಇಲಿಯ ಸಣ್ಣ ಕೀಚಲು ದನಿಯನ್ನೂ ಹಿಡಿಯುವಂತೆ ಅಲ್ಲಾಹನು ಅದರ ಕಿವಿಯನ್ನು ಸೃಷ್ಟಿಸಿದ್ದಾನೆ. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದು ಕೇಳಿಸಿದರೆ, ಅದಕ್ಕೆ 60,000ಕ್ಕೂ ಮೀರಿದ್ದು ಕೇಳಿಸುತ್ತದೆ. ಅಷ್ಟು ಸೂಕ್ಷ್ಮ ಕಿವಿಗೆ ತಗಡಿನ ಮಾಡಿನ ಮೇಲೆ ಬಡಿಯುವ ಮಳೆ, ಮೇಲಿಂದ ಸಿಡಿಲಿನ ಆರ್ಭಟ ಹೇಗಿರಬಹುದೆಂದು ಯೋಚಿಸಿ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದಾಗಿ, ಅಡಗಿದ ಬೆಕ್ಕನ್ನು ಎಳೆಯಬೇಡಿ. ಅಡಗುವುದೇ ಅದು ತನಗೆ ತಾನು ಮಾಡಿಕೊಳ್ಳುವ ಚಿಕಿತ್ಸೆ. ಮಳೆಗಾಲಕ್ಕೆ ಮುಂಚೆಯೇ ಕಿಟಕಿಯಿಂದ ದೂರದ ಒಂದು ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಯೊಂದನ್ನು ಅಡ್ಡ ಮಲಗಿಸಿಡಿ. ಅದರೊಳಗೆ ಮನೆಯವರು ಉಟ್ಟ ಹಳೆಯ ಬಟ್ಟೆ ಹಾಸಿ. ಪರಿಚಿತ ವಾಸನೆ ಅದಕ್ಕೆ ಧೈರ್ಯ ಕೊಡುತ್ತದೆ. ಹತ್ತಿರದಲ್ಲೇ ನೀರು ಮತ್ತು ಮರಳಿನ ತಟ್ಟೆ ಇರಲಿ. ಪೆಟ್ಟಿಗೆಯ ಬಾಯನ್ನು ಮಾತ್ರ ಮುಚ್ಚಬೇಡಿ. ಒಳಹೋಗುವುದೂ ಹೊರಬರುವುದೂ ಅದರ ಇಷ್ಟಕ್ಕೆ ಬಿಟ್ಟದ್ದು.

ಎರಡನೆಯದಾಗಿ, ಮೋಡ ಕವಿಯುತ್ತಿದ್ದಂತೆ ಬೆಕ್ಕನ್ನು ಒಳಗೆ ಕರೆದುಕೊಂಡು ಬಾಗಿಲು, ಕಿಟಕಿ ಮುಚ್ಚಿ, ಪರದೆ ಎಳೆಯಿರಿ. ಬೆದರಿದ ಬೆಕ್ಕು ಗೊತ್ತುಗುರಿಯಿಲ್ಲದೆ ಓಡಿ ದಾರಿ ತಪ್ಪುತ್ತದೆ, ರಸ್ತೆಗೂ ಬೀಳುತ್ತದೆ. ಆದರೆ ಸಿಡಿಲು ಹೊಡೆಯುತ್ತಿರುವಾಗ ಅದನ್ನು ಹುಡುಕಿಕೊಂಡು ಮರದಡಿಗೋ ಬಯಲಿಗೋ ಹೋಗಬೇಡಿ, ಮಕ್ಕಳನ್ನೂ ಕಳಿಸಬೇಡಿ. ಬಾಗಿಲ ಒಳಗಿನಿಂದಲೇ ಕರೆಯಿರಿ. ನಮ್ಮ ಪ್ರಾಣವೂ ಅಲ್ಲಾಹನ ಅಮಾನತ್.

ಮೂರನೆಯದಾಗಿ, ಮನೆಯವರು ಶಾಂತರಾಗಿರಬೇಕು. ಗುಡುಗು ಕೇಳಿದಾಗ ಅಬ್ದುಲ್ಲಾ ಬಿನ್ ಝುಬೈರ್(ರ) ಮಾತು ನಿಲ್ಲಿಸಿ ಅಲ್ಲಾಹನ ಸ್ತುತಿಯಲ್ಲಿ ತೊಡಗುತ್ತಿದ್ದರೆಂದು ಇಮಾಮ್ ಮಾಲಿಕರ ಮುವತ್ತಾದಲ್ಲಿದೆ. ಚೀರಾಟ, ಓಡಾಟ ಬಿಟ್ಟು ಮೆಲುದನಿಯಲ್ಲಿ ತಸ್ಬೀಹ್ ಹೇಳುವ ಮನೆಯಲ್ಲಿ ಮಕ್ಕಳ ಭಯವೂ ತಗ್ಗುತ್ತದೆ, ಬೆಕ್ಕಿನದೂ ತಗ್ಗುತ್ತದೆ. ಅದು ತಾನಾಗಿ ಬಂದು ಪಕ್ಕದಲ್ಲಿ ಕುಳಿತರೆ ನಿಧಾನ ಸವರಿ. ಬಾರದಿದ್ದರೆ ಒತ್ತಾಯ ಬೇಡ. ಹೆದರಿದ ಪ್ರಾಣಿಯನ್ನು ಬಲವಂತವಾಗಿ ಅಪ್ಪಿಕೊಂಡರೆ ಪರಚುತ್ತದೆ, ಕಚ್ಚುತ್ತದೆ. ಹಾಗೇನಾದರೂ ಆದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು, ರೇಬೀಸ್ ಚುಚ್ಚುಮದ್ದಿನ ವಿಚಾರಕ್ಕೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ನಾಲ್ಕನೆಯದಾಗಿ, ಮಳೆಯಿಲ್ಲದ ತಿಂಗಳುಗಳಲ್ಲಿ ಅಭ್ಯಾಸ ಮಾಡಿಸಬಹುದು. ಊಟ ಹಾಕುವಾಗ ಮೊಬೈಲಿನಲ್ಲಿ ಗುಡುಗಿನ ಸದ್ದನ್ನು ಅತಿ ಸಣ್ಣದಾಗಿ ಕೇಳಿಸಿ. ಅದು ನಿಶ್ಚಿಂತೆಯಿಂದ ತಿಂದರೆ ಕೆಲವು ದಿನಗಳ ನಂತರ ತುಸು ಹೆಚ್ಚಿಸಿ. ಕಿವಿ ಹಿಂದಕ್ಕೆ ಮಡಚಿತೋ, ಮುದುಡಿ ಕುಳಿತಿತೋ, ಕೂಡಲೇ ನಿಲ್ಲಿಸಿ. ಇದು ವಾರಗಟ್ಟಲೆ ಸಹನೆ ಬೇಡುವ ಕೆಲಸ.

ಕೊನೆಯದು ಬಹಳ ಮುಖ್ಯ. ನಮ್ಮ ಔಷಧಿಗಳನ್ನು ಬೆಕ್ಕಿಗೆ ಕೊಡಬೇಡಿ. ಜ್ವರಕ್ಕೆ ನಾವು ನುಂಗುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ, ಒಂದು ಮಾತ್ರೆಯೂ ಪ್ರಾಣ ತೆಗೆಯಬಹುದು. ಭಯ ಹೆಚ್ಚಾಗಿ ಊಟ ಬಿಟ್ಟರೆ, ಬಾಯಿ ತೆರೆದು ಏದುಸಿರು ಬಿಟ್ಟರೆ, ಪಶುವೈದ್ಯರಿಗೆ ತೋರಿಸಿ. ಗುಡುಗಿನ ದಿನಗಳಿಗೆ ಕೊಡುವ ಮದ್ದು ಅವರಲ್ಲಿದೆ.

ತಾಯಂದಿರು ಕೇಳುವ ಒಂದು ಪ್ರಶ್ನೆಯಿದೆ. ಹೆದರಿದ ಬೆಕ್ಕು ವುಝೂವಿನ ನೀರಿಗೆ ಬಾಯಿ ಹಾಕಿದರೆ ಏನು ಮಾಡುವುದು? ಅಬೂ ಕತಾದಾ(ರ) ಅವರ ಸೊಸೆ ಕಬ್ಶಾ ವುಝೂವಿಗೆ ನೀರಿಟ್ಟಾಗ ಬೆಕ್ಕೊಂದು ಬಂತು. ಅವರು ಪಾತ್ರೆಯನ್ನು ವಾಲಿಸಿ ಅದಕ್ಕೆ ಕುಡಿಸಿದರು. ಸೊಸೆ ಅಚ್ಚರಿಯಿಂದ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ನಡುವೆ ಸುತ್ತಾಡುವ ಜೀವಿ ಎಂಬ ಪ್ರವಾದಿವಚನವನ್ನು ತಿಳಿಸಿದರು. ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ಇದು ಬಂದಿದೆ. ಅಂದರೆ ಬೆಕ್ಕು ಮನೆಯ ವಾಸಿ. ಮನೆಯ ವಾಸಿಯನ್ನು ಗುಡುಗಿನ ರಾತ್ರಿ ಹೊರಗಟ್ಟುವುದು ಸರಿಯೇ?

ಹೆತ್ತವರಲ್ಲಿ ಒಂದು ಮಾತು. ಒಮ್ಮೆ ಪ್ರಯಾಣದಲ್ಲಿ ನಿದ್ದೆಯಲ್ಲಿದ್ದ ಸಹಾಬಿಯೊಬ್ಬರ ವಸ್ತುವನ್ನು ಸಂಗಾತಿಗಳು ತಮಾಷೆಗೆ ತೆಗೆದಾಗ ಅವರು ಬೆಚ್ಚಿಬಿದ್ದರು. ಒಬ್ಬ ಮುಸ್ಲಿಮನನ್ನು ಹಾಗೆ ಹೆದರಿಸುವುದು ಸಮ್ಮತವಲ್ಲವೆಂದು ಪ್ರವಾದಿ(ಸ) ತಿಳಿಸಿದರು. ಇನ್ನೊಬ್ಬರ ಭಯ ನಮ್ಮ ಮನರಂಜನೆಯಾಗಬಾರದು. ನಡುಗುವ ಬೆಕ್ಕನ್ನು ಕಂಡು ನಗುವುದನ್ನು ಇಂದು ಕಲಿತ ಮಗು, ನಾಳೆ ತರಗತಿಯಲ್ಲಿ ಹೆದರುವ ಸಹಪಾಠಿಯನ್ನೂ, ಮುಂದೆ ಕೈಕಾಲು ನಡುಗುವ ಅಜ್ಜ-ಅಜ್ಜಿಯನ್ನೂ ಕಂಡು ನಕ್ಕೀತು. "ಸುಮ್ಮನಿರು ಮಗಾ, ಅದಕ್ಕೆ ಹೆದರಿಕೆಯಾಗಿದೆ, ಪೆಟ್ಟಿಗೆಯ ಹತ್ತಿರ ನೀರಿಡು" ಎಂದು ಹೇಳಿಸಿಕೊಂಡ ಮಗು ಕರುಣೆಯನ್ನು ಕಲಿಯುತ್ತದೆ.

ನಮ್ಮ ಆಸರೆಯಲ್ಲಿರುವ ಜೀವಿಗಳಿಗೆ ಅನ್ನವನ್ನೂ ಅಭಯವನ್ನೂ ಕೊಡುವ ಮನಸ್ಸನ್ನು ಅಲ್ಲಾಹನು ನಮಗೆ ಕರುಣಿಸಲಿ. ಮುಂಬರುವ ಮಳೆಯನ್ನು ಅನುಗ್ರಹದ ಮಳೆಯಾಗಿಸಲಿ, ಸಿಡಿಲಿನ ಅಪಾಯದಿಂದ ಎಲ್ಲರನ್ನೂ ಕಾಪಾಡಲಿ. ಆಮೀನ್.